ಗ್ರಿಂಗಾಟ್ಸ್‌ನ ಚಿನಿವಾರ ಪೇಟೆ

ಹದಿನೇಳು ಬೆಳ್ಳಿ ಸಿಕಲ್‌ಗೆ ಒಂದು ಚಿನ್ನದ ಗ್ಯಾಲಿಯನ್. ಹ್ಯಾರಿ ಪಾಟರ್ ಓದುವಾಗ ನಾವು ಬಹಳಷ್ಟು ಜನ ಇದನ್ನು ತಮಾಷೆಯೆಂದು ದಾಟಿಬಿಡುತ್ತೇವೆ. ಎಲೀಜರ್ ಯುಡ್ಕೌಸ್ಕಿ ದಾಟಲಿಲ್ಲ. 2010ರಿಂದ 2015ರವರೆಗೆ ಅವರು ಕಂತುಗಳಲ್ಲಿ ಬರೆದ ‘ಹ್ಯಾರಿ ಪಾಟರ್ ಅಂಡ್ ದ ಮೆಥಡ್ಸ್ ಆಫ್ ರ‍್ಯಾಷನಾಲಿಟಿ’ ಎಂಬ ಫ್ಯಾನ್ ಫಿಕ್ಷನ್‌ನಲ್ಲಿ, ಪುಟ್ಟ ಹ್ಯಾರಿ ಮಾಂತ್ರಿಕರ ಗ್ರಿಂಗಾಟ್ಸ್ ಬ್ಯಾಂಕಿನಲ್ಲೇ ಲೆಕ್ಕ ಹಾಕುತ್ತಾನೆ. ಅವನ ಲೆಕ್ಕದಂತೆ ಹೊರಗಿನ ಸಾಮಾನ್ಯರ ಲೋಕದಲ್ಲಿ ಚಿನ್ನಕ್ಕೆ ಬೆಳ್ಳಿಯ ಸುಮಾರು ಐವತ್ತು ಪಟ್ಟು ಬೆಲೆ, ಇಲ್ಲಿ ಬರೀ ಹದಿನೇಳು. ಬೆಳ್ಳಿ ತಂದು ನಾಣ್ಯ ಮಾಡಿಸು, ಚಿನ್ನಕ್ಕೆ ಬದಲಿಸು, ಕರಗಿಸಿ ಹೊರಗೆ ಮಾರು, ಮತ್ತೆ ಬೆಳ್ಳಿ ಕೊಳ್ಳು!

ಬರೀ ಕಟ್ಟುಕತೆಯಲ್ಲ ಇದು. 1717ರಲ್ಲಿ ನ್ಯೂಟನ್ ಬ್ರಿಟನ್ನಿನ ಟಂಕಸಾಲೆಯ ಮುಖ್ಯಸ್ಥನಾಗಿದ್ದಾಗ ಗಿನಿ ಎಂಬ ಚಿನ್ನದ ನಾಣ್ಯಕ್ಕೆ 21 ಬೆಳ್ಳಿ ಶಿಲಿಂಗ್ ಎಂದು ಗೊತ್ತುಮಾಡಿದರು. ಚಿನ್ನಕ್ಕೆ ಹೀಗೆ ಕಟ್ಟಿದ ಬೆಲೆ ಪರದೇಶಗಳಲ್ಲಿನ ಬೆಲೆಗಿಂತ ತುಸು ಹೆಚ್ಚೇ ಇತ್ತು. ಹಾಗಾಗಿ ಬ್ರಿಟನ್ನಿನ ಬೆಳ್ಳಿ ಅಲ್ಲಿಗೆ ಸೋರಿಹೋಯಿತು.

ಯುಡ್ಕೌಸ್ಕಿಯವರ ಹ್ಯಾರಿ ಕತೆಯುದ್ದಕ್ಕೂ ಕೊಡುವ ಉಪನ್ಯಾಸಗಳು ಒಮ್ಮೊಮ್ಮೆ ತಲೆ ತಿನ್ನುತ್ತವೆ, ನಿಜ. ನನಗೆ ಅವನಿಗಿಂತ ಓದುಗರೇ ಇಷ್ಟ. ಅವರ ಪ್ರಶ್ನೆಗಳನ್ನೇ ನೋಡಿ: ನಾಣ್ಯದ ತೂಕವೆಷ್ಟು, ಬ್ಯಾಂಕು ನಡೆಸುವ ಗಾಬ್ಲಿನ್‌ಗಳು ಸುಮ್ಮನಿರುತ್ತಾರಾ, ಪರುಷಮಣಿ ಇರುವ ಲೋಕದಲ್ಲಿ ಚಿನ್ನಕ್ಕೆ ಬೆಲೆ ಉಳಿದದ್ದಾದರೂ ಹೇಗೆ? ಲೇಖಕರು ಹಳೆಯ ಅಧ್ಯಾಯ ತಿದ್ದಿದರೆ ಆ ತಿದ್ದುಪಡಿಯಲ್ಲೂ ಸುಳಿವಿಗಾಗಿ ಹುಡುಕಾಟ. ಕೊನೆಕೊನೆಗೆ ಹ್ಯಾರಿಯನ್ನು ಸಾವಿನೆದುರು ನಿಲ್ಲಿಸಿ ಯುಡ್ಕೌಸ್ಕಿ ಓದುಗರಿಗೇ ಪರೀಕ್ಷೆಯಿಟ್ಟರು: ಪಾರಾಗುವ ದಾರಿಯನ್ನು 60 ಗಂಟೆಯೊಳಗೆ ಹೇಳಿ, ಇಲ್ಲದಿದ್ದರೆ ಕತೆ ದುಃಖದಲ್ಲಿ ಮುಗಿಯುತ್ತದೆ. ಉತ್ತರಗಳ ರಾಶಿಯೇ ಬಂದು ಬಿತ್ತು, ಹುಡುಗ ಬದುಕಿಕೊಂಡ.