ಅಂಕ ಮತ್ತು ಆಟ: ವಿಡಿಯೊ ಗೇಮ್ ವಿಮರ್ಶೆಯ ಮಾನದಂಡಗಳು – ಒಂದು ಜಾನಪದೀಯ ಪರಿಶೀಲನೆ

1. ಪ್ರವೇಶ

ಜಾನಪದ ಅಧ್ಯಯನದಲ್ಲಿ ಆಟಗಳಿಗೆ ಮೊದಲಿನಿಂದಲೂ ಒಂದು ಸ್ಥಾನವಿದೆ. ಚೆನ್ನೆಮಣೆ, ಕುಂಟೆಬಿಲ್ಲೆ, ಚಿನ್ನಿದಾಂಡು, ಹುಲಿಕಟ್ಟೆ ಮೊದಲಾದವುಗಳನ್ನು ನಮ್ಮ ವಿದ್ವಾಂಸರು ಸಂಗ್ರಹಿಸಿದ್ದಾರೆ, ವರ್ಗೀಕರಿಸಿದ್ದಾರೆ, ಅವುಗಳ ಸಾಮಾಜಿಕ ಅರ್ಥವನ್ನು ವಿವೇಚಿಸಿದ್ದಾರೆ. ಆದರೆ ಇವುಗಳಲ್ಲಿ ಯಾವುದು ಹತ್ತಕ್ಕೆ ಎಷ್ಟು ಅಂಕದ ಆಟ ಎಂದು ಯಾರೂ ಕೇಳಿದಂತಿಲ್ಲ. ಜನಪದರಲ್ಲಿ ಗೆಲುವು ಸೋಲು ಆಡುವವನಿಗೆ ಸೇರಿದ್ದು, ಆಟಕ್ಕಲ್ಲ. ವಿಡಿಯೊ ಗೇಮ್ ಎಂಬ ಆಧುನಿಕ ಆಟದ ವಿಷಯದಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ಅಲ್ಲಿ ಆಡುವವನೇ ಆಟಕ್ಕೆ ಅಂಕ ಕೊಡುತ್ತಾನೆ. ಆ ಅಂಕವು ಆಟದ ಮಾರಾಟವನ್ನೂ, ಅದನ್ನು ರೂಪಿಸಿದವರ ಸಂಪಾದನೆಯನ್ನೂ ಮುಟ್ಟುವ ಸಂದರ್ಭಗಳಿವೆ. ಈ ಪದ್ಧತಿ ಹೇಗೆ ಬೆಳೆಯಿತು, ಅದರ ಉಪಯೋಗವೇನು, ಅದು ಎಲ್ಲಿ ಸೋಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಜಾನಪದ ವಿದ್ಯಾರ್ಥಿಗೆ ಹೊರಗಿನ ವಿಷಯವಲ್ಲ ಎಂಬುದನ್ನು ಲೇಖನದ ಕೊನೆಯ ಭಾಗದಲ್ಲಿ ನನ್ನದೇ ಒಂದು ಅನುಭವದ ಮೂಲಕ ಸ್ಪಷ್ಟಪಡಿಸಲು ಯತ್ನಿಸಿದ್ದೇನೆ.

2. ಅಂಕಪದ್ಧತಿಯ ಬೆಳವಣಿಗೆ

ವಿಡಿಯೊ ಗೇಮ್‌ಗಳಿಗೇ ಮೀಸಲಾದ ಪತ್ರಿಕೆಗಳು 1981ರಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕಾಣಿಸಿಕೊಂಡವು. ಇಂಗ್ಲೆಂಡಿನಲ್ಲಿ 1984ರಲ್ಲಿ ಆರಂಭವಾದ 'ಕ್ರ್ಯಾಶ್' ಪತ್ರಿಕೆಯು ಚಿತ್ರ, ಆಡುವಿಕೆಯ ಸೊಗಸು, ಹಿಡಿದಿಡುವ ಗುಣ, ಕೊಟ್ಟ ಹಣಕ್ಕೆ ಸಿಗುವ ಪ್ರತಿಫಲ ಎಂಬಂತೆ ಆಟವನ್ನು ಅಂಗಾಂಗಗಳಾಗಿ ಬಿಡಿಸಿ, ಒಂದೊಂದಕ್ಕೂ ಶೇಕಡಾವಾರು ಅಂಕ ನೀಡುತ್ತಿತ್ತು. ಅಂದಿನ ಓದುಗರಲ್ಲಿ ಹೆಚ್ಚಿನವರು ಕೈಖರ್ಚಿನ ಹಣ ಕೂಡಿಟ್ಟು ಕ್ಯಾಸೆಟ್ ಕೊಳ್ಳುವ ಹುಡುಗರು. ಕೊಂಡ ಮೇಲೆ ಕೆಟ್ಟದೆಂದು ತಿಳಿದರೆ ಹಣ ಹೋದಂತೆಯೇ. ಆದ್ದರಿಂದ ಅಂಕವು ಹುಟ್ಟಿದ್ದು ಕಲಾಮೀಮಾಂಸೆಯ ಅಗತ್ಯದಿಂದಲ್ಲ, ಕೊಳ್ಳುವವನ ರಕ್ಷಣೆಯ ಅಗತ್ಯದಿಂದ ಎಂಬುದನ್ನು ಇಲ್ಲಿ ಗಮನಿಸಬೇಕು. ಈ ಮೂಲವನ್ನು ಮರೆತು ಅಂಕಪದ್ಧತಿಯನ್ನು ಹೀಗಳೆಯುವುದು ನ್ಯಾಯವಲ್ಲ.

ಜಪಾನಿನಲ್ಲಿ 1986ರಲ್ಲಿ ಆರಂಭವಾದ 'ಫಾಮಿತ್ಸು' ಪತ್ರಿಕೆ ಬೇರೊಂದು ದಾರಿ ಹಿಡಿಯಿತು. ಒಂದೇ ಆಟವನ್ನು ನಾಲ್ವರು ವಿಮರ್ಶಕರು ಆಡಿ ತಲಾ ಹತ್ತಕ್ಕೆ ಅಂಕ ನೀಡುತ್ತಾರೆ, ಒಟ್ಟು ನಲವತ್ತು. ಈ ನಲವತ್ತಕ್ಕೆ ನಲವತ್ತನ್ನು ಮೊದಲು ಪಡೆದದ್ದು 1998ರ 'ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್'. ಇಲ್ಲಿ ಮುಖ್ಯವಾದುದು ಒಟ್ಟು ಮೊತ್ತವಲ್ಲ, ನಾಲ್ಕು ಅಂಕಗಳನ್ನೂ ಬೇರೆಬೇರೆಯಾಗಿ ಅಚ್ಚು ಮಾಡುವ ಕ್ರಮ. ಏಳು, ಏಳು, ಏಳು, ಏಳು ಎಂದರೂ ಇಪ್ಪತ್ತೆಂಟೇ. ಹತ್ತು, ಹತ್ತು, ನಾಲ್ಕು, ನಾಲ್ಕು ಎಂದರೂ ಇಪ್ಪತ್ತೆಂಟೇ. ಮೊದಲನೆಯದು ಎಲ್ಲರಿಗೂ ಒಂದಿಷ್ಟು ಹಿಡಿಸಿದ ಆಟ. ಎರಡನೆಯದು ಜನರನ್ನು ಎರಡು ಪಂಗಡ ಮಾಡಿದ ಆಟ. ಫಾಮಿತ್ಸುವಿನ ಓದುಗನಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

2001ರಲ್ಲಿ ಆರಂಭವಾದ 'ಮೆಟಾಕ್ರಿಟಿಕ್' ಎಂಬ ತಾಣವು ನಾನಾ ಪತ್ರಿಕೆಗಳ ಅಂಕಗಳನ್ನು ನೂರರ ಅಳತೆಗೆ ಪರಿವರ್ತಿಸಿ ಒಂದೇ ಸರಾಸರಿಯನ್ನು ಕೊಡಲಾರಂಭಿಸಿತು. ಎಲ್ಲ ಪತ್ರಿಕೆಗಳಿಗೂ ಇಲ್ಲಿ ಸಮಾನ ತೂಕವಿಲ್ಲ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ತಾಣವು ಬಹಿರಂಗಪಡಿಸಿಲ್ಲ. ಸರಾಸರಿಯ ಕೆಳಗೆ ಬಿಡಿ ವಿಮರ್ಶೆಗಳ ಪಟ್ಟಿಯಿರುತ್ತದೆಯಾದರೂ, ಜನರ ಬಾಯಲ್ಲಿ ಉಳಿಯುವುದು ಒಂದೇ ಸಂಖ್ಯೆ.

3. ಅಳತೆಗೋಲಿನ ವಕ್ರತೆ

ಹತ್ತಕ್ಕೆ ಐದು ಎಂದರೆ ನಡುಮಟ್ಟ ಎಂಬುದು ಗಣಿತ. ವಿಡಿಯೊ ಗೇಮ್ ವಿಮರ್ಶೆಯಲ್ಲಿ ಐದು ಎಂದರೆ ಸೋಲು, ಏಳು ಎಂದರೆ ನಡುಮಟ್ಟ ಎಂಬುದು ರೂಢಿ. ಇದಕ್ಕೆ ಮೆಟಾಕ್ರಿಟಿಕ್‌ನ ಬಣ್ಣಗಳೇ ಸಾಕ್ಷಿ. ಅಲ್ಲಿ ಚಲನಚಿತ್ರಕ್ಕೆ 61 ಬಂದರೆ ಹಸಿರು ಬಣ್ಣ, ಎಂದರೆ ಮೆಚ್ಚುಗೆ. ವಿಡಿಯೊ ಗೇಮ್‌ಗೆ ಹಸಿರು ಸಿಗಬೇಕಾದರೆ 75 ಬೇಕು. ಚಲನಚಿತ್ರಕ್ಕೆ 40ಕ್ಕಿಂತ ಕಡಿಮೆಯಾದರೆ ಕೆಂಪು. ಆಟಕ್ಕೆ 50ಕ್ಕಿಂತ ಕಡಿಮೆಯಾದರೇ ಕೆಂಪು. ಒಂದೇ ತಾಣವು ಎರಡು ಕಲೆಗಳನ್ನು ಎರಡು ಗೋಲುಗಳಿಂದ ಅಳೆಯಬೇಕಾಗಿ ಬಂದುದು, ಸಂಖ್ಯೆ ಒಂದೇ ಆದರೂ ಅರ್ಥ ಒಂದೇ ಅಲ್ಲ ಎಂಬುದನ್ನು ಒಪ್ಪಿಕೊಂಡಂತೆ. ಹಾಗಿದ್ದಮೇಲೆ ಸಂಖ್ಯೆಯೂ ಭಾಷೆಯಂತೆಯೇ ಒಂದು ಸಮುದಾಯದ ಒಡಂಬಡಿಕೆ. ಆ ಸಮುದಾಯದ ಒಳಗಿದ್ದವನಿಗೆ ಮಾತ್ರ ಅದರ ಅರ್ಥ ತಿಳಿಯುತ್ತದೆ.

ಒಡಂಬಡಿಕೆಯ ಈ ಸಂಖ್ಯೆಯನ್ನು ವ್ಯವಹಾರಪತ್ರದಲ್ಲಿ ಬರೆದಾಗ ತೊಡಕು ಗಂಭೀರವಾಗುತ್ತದೆ. 2010ರಲ್ಲಿ ಬಂದ 'ಫಾಲೌಟ್: ನ್ಯೂ ವೆಗಾಸ್' ಆಟವನ್ನು ರೂಪಿಸಿದ ಅಬ್ಸಿಡಿಯನ್ ಸಂಸ್ಥೆಗೆ, ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಹೆಚ್ಚುವರಿ ಹಣ ಸಿಗುವ ಏರ್ಪಾಡಿತ್ತು. ಬಂದದ್ದು 84. ಈ ಸಂಗತಿಯನ್ನು 2012ರಲ್ಲಿ ಸಂಸ್ಥೆಯ ಕ್ರಿಸ್ ಅವೆಲೋನ್ ಅವರೇ ಹೊರಗೆಡಹಿದರು. ಆ ಆಟಕ್ಕೆ ಎಂಟು ಕೊಡಲೋ ಎಂಟೂವರೆ ಕೊಡಲೋ ಎಂದು ಯೋಚಿಸಿದ ವಿಮರ್ಶಕನಿಗೆ ತಾನು ಯಾರದೋ ಸಂಪಾದನೆಯನ್ನು ನಿರ್ಧರಿಸುತ್ತಿದ್ದೇನೆಂಬ ಅರಿವು ಇದ್ದಿರಲಾರದು. ಒಂದು ಅಂಕದಷ್ಟು ಸೂಕ್ಷ್ಮವಾದ ನಿಖರತೆ ವಿಮರ್ಶೆಯಲ್ಲಿ ಇಲ್ಲ. ಇದೆಯೆಂದು ಕರಾರುಪತ್ರ ನಂಬಿತು.

ಒತ್ತಡ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. 2007ರ ನವೆಂಬರಿನಲ್ಲಿ 'ಗೇಮ್‌ಸ್ಪಾಟ್' ತಾಣದ ಹಿರಿಯ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ಅವರನ್ನು ಕೆಲಸದಿಂದ ತೆಗೆಯಲಾಯಿತು. ಅದೇ ತಾಣದಲ್ಲಿ ದೊಡ್ಡದಾಗಿ ಜಾಹೀರಾತು ಪಡೆದಿದ್ದ 'ಕೇನ್ ಅಂಡ್ ಲಿಂಚ್' ಎಂಬ ಆಟಕ್ಕೆ ಅವರು ಹತ್ತಕ್ಕೆ ಆರು ಕೊಟ್ಟಿದ್ದರು. ಪ್ರಕಾಶಕರ ಅಸಮಾಧಾನವನ್ನು ಎದುರಿಸಲಾಗದೆ ಆಡಳಿತವರ್ಗ ಹಾಗೆ ಮಾಡಿತೆಂದು 2012ರಲ್ಲಿ ಅವರು ಸಾರ್ವಜನಿಕವಾಗಿ ವಿವರಿಸಿದರು. ಅವರ ವಿಮರ್ಶೆಯ ವಾಕ್ಯಗಳನ್ನು ಇಂದು ನೆನೆಯುವವರು ವಿರಳ. 'ಆರು' ಮಾತ್ರ ಉಳಿದಿದೆ.

4. ಪಠ್ಯ ಯಾವುದು?

ಜಾನಪದ ವಿದ್ಯಾರ್ಥಿಗೆ ಇಲ್ಲಿ ಇನ್ನೂ ಮೂಲಭೂತವಾದ ಪ್ರಶ್ನೆಯೊಂದು ಎದುರಾಗುತ್ತದೆ. ಅಂಕ ಕೊಟ್ಟದ್ದು ಯಾವುದಕ್ಕೆ? ರಿಚರ್ಡ್ ಬೌಮನ್ ಮೊದಲಾದವರು 1970ರ ದಶಕದಲ್ಲಿ ಬೆಳೆಸಿದ ಪ್ರದರ್ಶನ ಸಿದ್ಧಾಂತದ ಪ್ರಕಾರ ಜನಪದ ಕೃತಿಯೆಂದರೆ ಬರೆದಿಟ್ಟ ಪಠ್ಯವಲ್ಲ, ಪ್ರೇಕ್ಷಕರ ಮುಂದೆ ನಡೆಯುವ ಘಟನೆ. ವಿಡಿಯೊ ಗೇಮ್ ಸಹ ಆಡಿದಾಗಲೇ ಇರುವಂಥದು. ಆದರೆ ಇಲ್ಲಿ ವಿಮರ್ಶಕ ಪ್ರೇಕ್ಷಕನೂ ಹೌದು, ಪ್ರದರ್ಶಕನೂ ಹೌದು. ಅವನ ಕೈಚಳಕ, ತಾಳ್ಮೆ, ಗಡುವಿನ ಅವಸರ ಎಲ್ಲವೂ ಆಟದ ಅನುಭವದಲ್ಲಿ ಬೆರೆತಿರುತ್ತವೆ. ಅವನು ಅಂಕ ಕೊಡುವುದು ಒಂದರ್ಥದಲ್ಲಿ ತನ್ನದೇ ಪ್ರದರ್ಶನಕ್ಕೆ.

ಪಾಠಾಂತರದ ಸಮಸ್ಯೆಯೂ ಇದೆ. 2020ರ ಡಿಸೆಂಬರಿನಲ್ಲಿ 'ಸೈಬರ್‌ಪಂಕ್ 2077' ಬಿಡುಗಡೆಯಾಗುವ ಮುನ್ನ ವಿಮರ್ಶಕರಿಗೆ ದೊರೆತದ್ದು ಕಂಪ್ಯೂಟರಿನ ಆವೃತ್ತಿ ಮಾತ್ರ. ಹೊಗಳಿಕೆಯ ಅಂಕಗಳು ಬಂದವು. ಹಳೆಯ ಕನ್ಸೋಲ್‌ಗಳಲ್ಲಿ ಅದೇ ಆಟ ತೀರಾ ದುಃಸ್ಥಿತಿಯಲ್ಲಿತ್ತು. ಸೋನಿ ಸಂಸ್ಥೆ ಅದನ್ನು ತನ್ನ ಮಳಿಗೆಯಿಂದಲೇ ತೆಗೆದುಹಾಕಿ, 2021ರ ಜೂನ್‌ನಲ್ಲಷ್ಟೇ ಮರಳಿ ಸೇರಿಸಿತು. ಮುಂದೆ ತಿದ್ದುಪಡಿಗಳಿಂದ ಆಟ ಬಹುಮಟ್ಟಿಗೆ ಸುಧಾರಿಸಿತು. ಒಂದೇ ಹೆಸರಿನಡಿ ಹಲವು ಪಾಠಗಳಿರುವಾಗ ಮೊದಲ ವಾರದ ಅಂಕವು ಯಾವ ಪಾಠಕ್ಕೆ ಸಲ್ಲಬೇಕು? ಯಾರಿಂದ, ಎಲ್ಲಿ, ಎಂದು ಸಂಗ್ರಹಿಸಿದ್ದೆಂದು ನಮೂದಿಸದ ಕಥೆಯನ್ನು ನಾವು ಆಕರವೆಂದು ಒಪ್ಪುವುದಿಲ್ಲ. ಆಟದ ಅಂಕಕ್ಕೂ ಈ ಶಿಸ್ತು ಅನ್ವಯಿಸಬೇಕು.

5. ಒಂದು ಜನಪದ ಕಥೆಗೆ ಅಂಕ

ಈ ಎಲ್ಲ ತೊಡಕುಗಳು ಒಟ್ಟಿಗೆ ಕಾಣುವ ಉದಾಹರಣೆ 2014ರ ನವೆಂಬರಿನಲ್ಲಿ ಬಂದ 'ನೆವರ್ ಅಲೋನ್'. ಅಲಾಸ್ಕಾದ ಇನ್ಯೂಪಿಯಾಟ್ ಜನರ ಭಾಷೆಯಲ್ಲಿ ಇದರ ಹೆಸರು 'ಕಿಸಿಮಾ ಇಂಗಿಚ್ಚುಂಗಾ'. ಮೂಲನಿವಾಸಿಗಳ ಸೇವಾ ಸಂಸ್ಥೆಯಾದ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಇದರ ಹಿಂದೆ ನಿಂತಿತು. ರಾಬರ್ಟ್ ನಸ್ರುಕ್ ಕ್ಲೀವ್‌ಲೆಂಡ್ ಎಂಬ ಕಥೆಗಾರ ಹೇಳಿದ್ದ, ಎಡೆಬಿಡದ ಹಿಮಗಾಳಿಯ ಮೂಲವನ್ನು ಹುಡುಕಿ ಹೊರಡುವ 'ಕುನೂಕ್ಸಾಯುಕ'ನ ಕಥೆ ಇದಕ್ಕೆ ಆಧಾರ. ಕಥೆಗಾರನ ಮಗಳು ಮಿನಿ ಗ್ರೇ ಅವರ ಒಪ್ಪಿಗೆ ಪಡೆದೇ ತಂಡ ಮುಂದುವರಿಯಿತು. ಆಟದ ನಾಯಕಿ ನೂನಾ ಎಂಬ ಬಾಲಕಿ, ಜೊತೆಗೊಂದು ಹಿಮನರಿ. ನಿರೂಪಣೆ ಇನ್ಯೂಪಿಯಾಕ್ ಭಾಷೆಯಲ್ಲಿಯೇ ಇದೆ. ಸಮುದಾಯದ ಹಿರಿಯರು ತಮ್ಮ ಬದುಕನ್ನು ಕುರಿತು ಮಾತನಾಡುವ 24 ಕಿರುಚಿತ್ರಗಳು ಆಟದ ನಡುವೆ ತೆರೆದುಕೊಳ್ಳುತ್ತವೆ.

ವಿಮರ್ಶಕರ ಅಂಕಗಳು ಹರಡಿಕೊಂಡವು. ಕಥನವನ್ನೂ ಕಿರುಚಿತ್ರಗಳನ್ನೂ ಮೆಚ್ಚಿದವರು ಹಲವರು. ನರಿಯು ಹೇಳಿದಂತೆ ಕೇಳುವುದಿಲ್ಲ, ನೆಗೆತ ಕರಾರುವಾಕ್ಕಾಗಿಲ್ಲ, ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ ಎಂದು ಅಂಕ ಕಳೆದವರೂ ಹಲವರು. ಈ ದೂರುಗಳು ಸುಳ್ಳಲ್ಲ. ಒಬ್ಬನೇ ಆಡುವಾಗ ನರಿಯ ತಪ್ಪಿನಿಂದ ಬಾಲಕಿ ಸಾಯುವುದು ಬೇಸರ ತರುವ ಸಂಗತಿಯೇ. ಆದರೆ ಇದು ಇಬ್ಬರು ಕೂಡಿ ಆಡಬಹುದಾದ ಆಟ. ಪರಸ್ಪರಾವಲಂಬನೆಯೇ ಅದರ ಕಥಾಸಾರ. ಒಂಟಿಯಾಗಿ ಕುಳಿತು ಆಡಿದ ವಿಮರ್ಶಕನೂ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿದ ತಾಯಿಯೂ ಕಂಡದ್ದು ಎರಡು ಪ್ರದರ್ಶನಗಳನ್ನು. ಅವಧಿಯ ದೂರನ್ನು ನೋಡಿ: 'ಕೊಟ್ಟ ಹಣಕ್ಕೆ ಪ್ರತಿಫಲ' ಎಂಬ ಹಳೆಯ ಅಂಕಣದ ಪ್ರಕಾರ ಗಂಟೆಗಳು ಹೆಚ್ಚಿದಷ್ಟೂ ಲಾಭ. ಅಜ್ಜಿ ಹೇಳಿದ ಕಥೆ ಬೇಗ ಮುಗಿಯಿತೆಂದು ನಾವು ಅಂಕ ಕಳೆಯುವುದಿಲ್ಲ. ಭಾಷೆಯೊಂದನ್ನು ಮುಂದಿನ ಪೀಳಿಗೆಗೆ ಮುಟ್ಟಿಸಿದ್ದಕ್ಕೆ ಅಂಕಪಟ್ಟಿಯಲ್ಲಿ ಕಲಮೇ ಇರಲಿಲ್ಲ. 2015ರಲ್ಲಿ ಬ್ರಿಟಿಷ್ ಅಕಾಡೆಮಿಯು ಇದಕ್ಕೆ ಮೊದಲ ಕೃತಿಗೆ ಸಲ್ಲುವ ಪ್ರಶಸ್ತಿ ನೀಡಿತೆಂಬುದನ್ನೂ ಇಲ್ಲಿ ಸೇರಿಸಬೇಕು.

6. ನಮ್ಮ ಅಂಕಪಟ್ಟಿ

ಇದನ್ನು ಬರೆಯುವಾಗ ನನಗೆ ನನ್ನ ಅಪರಾಧವೊಂದು ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಯುವಜನರ ಒಂದು ಸ್ಪರ್ಧೆಯಲ್ಲಿ ಡೊಳ್ಳು ಕುಣಿತಕ್ಕೆ ತೀರ್ಪುಗಾರನಾಗಿದ್ದೆ. ವೇಷಭೂಷಣ, ತಾಳ, ಹೊಂದಾಣಿಕೆ, ಸಮಯಪಾಲನೆ ಎಂದು ಕಲಮುಗಳಿದ್ದ ಹಾಳೆ ನನ್ನ ಕೈಯಲ್ಲಿತ್ತು. ಒಂದು ತಂಡ ಬೀರೇಶ್ವರನನ್ನು ಸ್ತುತಿಸಿ ನಿಧಾನಗತಿಯಲ್ಲಿ ಡೊಳ್ಳು ಏರಿಸುವುದರಲ್ಲಿಯೇ ನಿಗದಿತ ಸಮಯದ ಬಹುಭಾಗವನ್ನು ಕಳೆಯಿತು. ನಾನು ಹಾಳೆಯ ಪ್ರಕಾರ ಅಂಕ ಕಳೆದೆ. ಬಹುಮಾನ ಪಡೆದದ್ದು ಪಿರಮಿಡ್ಡಿನಂತೆ ಒಬ್ಬರ ಮೇಲೊಬ್ಬರು ನಿಂತು ಬಾರಿಸಿದ ತಂಡ. ಫಲಿತಾಂಶದ ನಂತರ ಸೋತ ತಂಡದ ಹಿರಿಯರೊಬ್ಬರು ಬಂದು, "ದೇವ್ರನ್ನ ಕರೆದದ್ದಕ್ಕೂ ನಂಬರ್ ಕಳೀತೀರೇನ್ರಿ ಸಾಹೇಬ್ರ?" ಎಂದು ಕೇಳಿದರು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬಯಸಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷ ಅದೇ ತಂಡ ಸ್ತುತಿಯನ್ನು ಕೈಬಿಟ್ಟು ಬಂದಿತ್ತು. ನೆಗೆತ ಕಲಿತಿತ್ತು.

ಅಂಕವು ಕಲೆಯನ್ನು ಅಳೆಯುವುದಷ್ಟೇ ಅಲ್ಲ, ತನ್ನ ಅಳತೆಗೆ ತಕ್ಕಂತೆ ಕಲೆಯನ್ನು ತಿದ್ದುತ್ತದೆ ಎಂಬುದನ್ನು ನಾನು ಕಲಿತದ್ದು ಅಂದು. 85ರ ಗುರಿಯಿಟ್ಟು ಆಟ ರೂಪಿಸುವ ತಂಡಕ್ಕೂ, ಸಮಯಪಾಲನೆಯ ಹತ್ತು ಅಂಕಕ್ಕಾಗಿ ಸ್ತುತಿ ಬಿಟ್ಟ ತಂಡಕ್ಕೂ ಈ ವಿಷಯದಲ್ಲಿ ದೂರವಿಲ್ಲ.

7. ಉಪಸಂಹಾರ

ಹಾಗೆಂದು ಅಂಕವನ್ನು ಕೈಬಿಡುವುದೇ ಪರಿಹಾರವೆನ್ನಲಾಗದು. ಇಂಗ್ಲೆಂಡಿನ 'ಯೂರೋಗೇಮರ್' ತಾಣ 2015ರಲ್ಲಿ ಹತ್ತರ ಅಂಕವನ್ನು ತೊರೆದು, 'ಅತ್ಯಗತ್ಯ', 'ಶಿಫಾರಸು', 'ದೂರವಿಡಿ' ಎಂಬ ಅರ್ಥದ ಮುದ್ರೆಗಳನ್ನು ಬಳಸತೊಡಗಿತು. 2023ರಲ್ಲಿ ಐದು ನಕ್ಷತ್ರಗಳ ಕ್ರಮಕ್ಕೆ ಬಂದಿತು. ಓದುಗನಿಗೆ ಸ್ಪಷ್ಟ ತೀರ್ಪು ಬೇಕು; ವಿಮರ್ಶಕನು ಹೊಣೆಗಾರಿಕೆಯಿಂದ ನುಣುಚಿಕೊಳ್ಳದಂತೆ ಅಂಕವು ತಡೆಯುತ್ತದೆ ಎಂಬುದೂ ನಿಜ. ನನ್ನ ಸೂಚನೆ ಇಷ್ಟೇ. ಒಂದು, ತೀರ್ಪುಗಳನ್ನು ಸರಾಸರಿಯಲ್ಲಿ ಕರಗಿಸದೆ ಫಾಮಿತ್ಸುವಿನಂತೆ ಬಿಡಿಬಿಡಿಯಾಗಿಯೇ ಉಳಿಸಬೇಕು. ಎರಡು, ಯಾವ ಪಾಠ, ಯಾವ ಯಂತ್ರ, ಯಾರ ಜೊತೆ ಆಡಿದ್ದು ಎಂಬ ಸಂದರ್ಭವನ್ನು ಅಂಕದ ಪಕ್ಕದಲ್ಲಿಯೇ ನಮೂದಿಸಬೇಕು. ಮೂರು, ಅಂಕಪಟ್ಟಿಯ ಕಲಮುಗಳನ್ನು ಕೃತಿಯ ಉದ್ದೇಶವನ್ನು ಅರಿತು ರೂಪಿಸಬೇಕು. ಈ ಮೂರೂ ಕ್ಷೇತ್ರಕಾರ್ಯದಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಪಾಠಗಳೇ. ತೀರ್ಪುಗಾರರ ಕುರ್ಚಿಯಲ್ಲಿ ಕುಳಿತಾಗ ನಾವೇ ಮರೆಯುತ್ತೇವೆ. ವಿಡಿಯೊ ಗೇಮ್ ವಿಮರ್ಶಕರಿಗೆ ಈ ಸಲಹೆಗಳನ್ನು ಹೇಳುವ ಮುನ್ನ ನಮ್ಮ ಸ್ಪರ್ಧೆಗಳ ಅಂಕಪಟ್ಟಿಯಲ್ಲಿ ಇವುಗಳನ್ನು ಜಾರಿಗೆ ತರುವುದು ಉಚಿತ.