ವಾಣಿಜ್ಯದ ಮಿತ್ರವಾಣಿ

ಸಾಹಿತ್ಯವಿಮರ್ಶೆಯ ದೃಷ್ಟಿ ಸಾಮಾನ್ಯವಾಗಿ ಹರಿಯದ ಒಂದು ಗದ್ಯಪ್ರಕಾರವುಂಟು. ಒಂದು ಉದ್ಯಮವು ತನ್ನ ಸರಕನ್ನೋ ಸೇವೆಯನ್ನೋ ಇನ್ನೊಂದು ಉದ್ಯಮಕ್ಕೆ ಮಾರುವ ಉದ್ದೇಶದಿಂದ ಬರೆಯಿಸುವ ಪತ್ರಿಕೆ, ಕೈಪಿಡಿ, ವರದಿ ಮೊದಲಾದುವು ಈ ಪ್ರಕಾರಕ್ಕೆ ಸೇರುತ್ತವೆ. ಇವುಗಳ ಓದುಗನು ಗೋಡೆಯ ಮೇಲಿನ ಜಾಹೀರಾತನ್ನು ನೋಡಿ ಸಾಬೂನು ಕೊಳ್ಳುವವನಲ್ಲ. ಅವನು ಗಿರಣಿಯ ವ್ಯವಸ್ಥಾಪಕ, ಎಂಜಿನಿಯರು, ಖರೀದಿಯ ಅಧಿಕಾರಿ. ಕೊಂಡದ್ದಕ್ಕೆ ಪಾಲುದಾರರಿಗೂ ಮೇಲಧಿಕಾರಿಗಳಿಗೂ ಕಾರಣ ಹೇಳಬೇಕಾದವನು. ಇಂಥವನು ಮಾರಾಟದ ಬರಹವನ್ನು ಹೇಗೆ ಓದುತ್ತಾನೆಂಬುದನ್ನು ಒಂದು ಹಳೆಯ ನಿದರ್ಶನದ ಮೂಲಕ ಇಲ್ಲಿ ಪರಿಶೀಲಿಸಬಯಸಿದ್ದೇವೆ.

ಈ ಪರಿಶೀಲನೆಗೆ ನಮ್ಮ ಕಾವ್ಯಮೀಮಾಂಸೆಯೇ ಒಂದು ಅಳತೆಗೋಲನ್ನು ಒದಗಿಸಿದೆ. ಮಮ್ಮಟನು ಉಪದೇಶದ ಮೂರು ರೀತಿಗಳನ್ನು ಹೇಳಿದ್ದಾನೆ. ವೇದವು ಪ್ರಭುಸಮ್ಮಿತ, ಒಡೆಯನಂತೆ ಆಜ್ಞಾಪಿಸತಕ್ಕದ್ದು. ಪುರಾಣೇತಿಹಾಸಗಳು ಮಿತ್ರಸಮ್ಮಿತ, ಗೆಳೆಯನಂತೆ ಹಿತಾಹಿತಗಳನ್ನು ತಿಳಿಸತಕ್ಕವು. ಕಾವ್ಯವು ಕಾಂತಾಸಮ್ಮಿತ, ಪ್ರಿಯೆಯಂತೆ ರಸದಿಂದ ಒಲಿಸಿ ದಾರಿಗೆ ತರತಕ್ಕದ್ದು. ವ್ಯಾಪಾರಿಗೆ ಆಜ್ಞಾಪಿಸುವ ಅಧಿಕಾರವಿಲ್ಲ. ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡ ಓದುಗನೋ, ತಾನು ಒಲಿಸುವ ಮಾತಿಗೆ ಮರುಳಾಗುವವನಲ್ಲವೆಂದು ಭಾವಿಸಿರುತ್ತಾನೆ. ಆದುದರಿಂದ ಈ ಗದ್ಯವು ಮಿತ್ರನ ಧ್ವನಿಯನ್ನು ಆರಿಸಿಕೊಂಡಿತು. ಆದರೆ ನಮ್ಮಿಂದ ಹಣವನ್ನು ನಿರೀಕ್ಷಿಸುವ ಮಿತ್ರನು ಎಷ್ಟರಮಟ್ಟಿಗೆ ಮಿತ್ರನೆಂಬುದೇ ಪ್ರಶ್ನೆ.

ನಮ್ಮ ನಿದರ್ಶನ ಅಮೆರಿಕದ್ದು. 1865ರ ಏಪ್ರಿಲ್ 27ರಂದು ಮಿಸಿಸಿಪ್ಪಿ ನದಿಯಲ್ಲಿ, ಮೆಂಫಿಸ್ ನಗರದ ಬಳಿ, ‘ಸುಲ್ತಾನಾ’ ಎಂಬ ಹಡಗಿನ ಬಾಯ್ಲರುಗಳು ಸಿಡಿದು ಸಾವಿರಕ್ಕೂ ಮಿಕ್ಕ ಜನರು ಮಡಿದರು. ಅಂತರ್ಯುದ್ಧದ ಸೆರೆಯಿಂದ ಬಿಡುಗಡೆಹೊಂದಿ ಮನೆಗೆ ಮರಳುತ್ತಿದ್ದ ಸೈನಿಕರೇ ಅವರಲ್ಲಿ ಹೆಚ್ಚಿನವರು. ಮರುವರ್ಷ, ಎಂದರೆ 1866ರಲ್ಲಿ, ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ ಬಾಯ್ಲರುಗಳ ತಪಾಸಣೆ ಮತ್ತು ವಿಮೆಗಾಗಿ ಒಂದು ಕಂಪೆನಿ ಸ್ಥಾಪಿತವಾಯಿತು. 1867ರ ನವೆಂಬರಿನಲ್ಲಿ ಆ ಹಾರ್ಟ್‌ಫರ್ಡ್ ಸ್ಟೀಮ್ ಬಾಯ್ಲರ್ ಕಂಪೆನಿಯು ‘ದಿ ಲೊಕೊಮೋಟಿವ್’ ಎಂಬ ಪತ್ರಿಕೆಯನ್ನು ಹೊರಡಿಸಿತು. ಒಂದು ಶತಮಾನಕ್ಕೂ ಮೀರಿ ನಡೆದುಬಂದ ಪತ್ರಿಕೆಯಿದು.

ಈ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ನಮ್ಮ ಗಮನವನ್ನು ಸೆಳೆಯುವುವು ಎರಡು ಅಂಗಗಳು. ಮೊದಲನೆಯದು ತಪಾಸಣೆಗಾರರ ವರದಿ. ಮಡ್ಡಿ ನಿಂತ ಬಾಯ್ಲರುಗಳೆಷ್ಟು, ತುಕ್ಕು ತಿಂದ ತಗಡುಗಳೆಷ್ಟು, ಬಿರಿದ ತಗಡುಗಳೆಷ್ಟು, ಕೆಟ್ಟ ರಿವೆಟ್ಟಿನ ಕೆಲಸವೆಷ್ಟು, ಅತಿಯಾದ ಭಾರ ಹೇರಿದ ಸುರಕ್ಷಾ ಕವಾಟಗಳೆಷ್ಟು, ತಪ್ಪು ತೋರಿಸುವ ಒತ್ತಡಮಾಪಕಗಳೆಷ್ಟು ಎಂದು ಪಟ್ಟಿ ನಡೆಯುತ್ತದೆ. ಪ್ರತಿಯೊಂದು ದೋಷದ ಮುಂದೆ ಎರಡು ಸಂಖ್ಯೆಗಳು: ಕಂಡದ್ದು ಇಷ್ಟು, ಅದರಲ್ಲಿ ಅಪಾಯಕರವಾದುದು ಇಷ್ಟು. ಎರಡನೆಯದು ಆಯಾ ಕಾಲದ ಸ್ಫೋಟಗಳ ವಿವರ. ಊರು, ಕಾರ್ಖಾನೆಯ ಬಗೆ, ಸತ್ತವರು, ಗಾಯಗೊಂಡವರು—ಇಷ್ಟೆ. ವಿಶೇಷಣವಿಲ್ಲ, ವಿಲಾಪವಿಲ್ಲ.

ಇಂಥ ರಚನೆ ತನ್ನ ಓದುಗನನ್ನು ತಾನೇ ಕಲ್ಪಿಸಿಕೊಂಡಿದೆ. ಅವನು ಮೊದಲಿನಿಂದ ಕೊನೆಯವರೆಗೆ ಓದುವವನಲ್ಲ. ಮರದ ಮಿಲ್ಲಿನವನಾದರೆ ಮರದ ಮಿಲ್ಲಿನ ಸ್ಫೋಟವನ್ನೇ ಅರಸುತ್ತಾನೆ. ತನ್ನಂಥವನಿಗೆ ಏನಾಯಿತೆಂದು ನೋಡಿ, ಪಟ್ಟಿಯಲ್ಲಿ ತನ್ನ ದೋಷವನ್ನು ಹುಡುಕಿ, ಬಳಿಕ ಎದ್ದು ತನ್ನ ಬಾಯ್ಲರಿನ ಮನೆಯತ್ತ ನಡೆಯುತ್ತಾನೆ. ಕಾವ್ಯದ ಸಹೃದಯನು ಪಾತ್ರದೊಡನೆ ತನ್ಮಯನಾಗುವನಾದರೆ ಈ ಓದುಗನು ಪಟ್ಟಿಯ ಸಾಲಿನೊಡನೆ ತನ್ಮಯನಾಗುತ್ತಾನೆ. ಅವನಿಗೆ ಬೇಕಾದುದು ಆನಂದವಲ್ಲ. ನಾಳೆ ಪಾಲುದಾರರ ಮುಂದಿಡಬಹುದಾದ ಆಧಾರ. ಸ್ವತಃ ನಂಬಿದರೆ ಸಾಲದು, ನಂಬಿದ್ದೇಕೆಂದು ಹೇಳಲು ಬರಬೇಕು. ವೃತ್ತಿಪರ ಓದಿನ ಜೀವಾಳವಿದು.

ಇಲ್ಲಿ ಧ್ವನಿಯ ವಿಚಾರವೂ ಬರುತ್ತದೆ. ‘ಇಷ್ಟು ಕವಾಟಗಳು ಕೆಟ್ಟಿದ್ದುವು’ ಎಂಬುದು ವಾಚ್ಯಾರ್ಥ. ‘ಇವನ್ನು ಕಂಡುಹಿಡಿದವರು ನಾವು, ನಿಮ್ಮದನ್ನು ನೋಡಿದವರು ಯಾರು?’ ಎಂಬುದು ವ್ಯಂಗ್ಯಾರ್ಥ. ಒಂದೇ ಅಂಕಿ ಎಚ್ಚರಿಕೆಯೂ ಹೌದು, ಜಾಹೀರಾತೂ ಹೌದು. ಕೊಳ್ಳಿರೆಂಬ ಮಾತು ವಾಚ್ಯವಾದೊಡನೆ ಗೆಳೆತನ ಕೆಡುತ್ತದೆ. ವ್ಯಂಗ್ಯವಾಗಿದ್ದಷ್ಟು ಕಾಲ ಓದುಗನು ಅದನ್ನು ತನ್ನ ಸ್ವಂತ ತೀರ್ಮಾನವೆಂದೇ ತಿಳಿಯುತ್ತಾನೆ. ಇಷ್ಟರಿಂದ ಇದು ವಂಚನೆಯೆಂದು ನಾವು ಹೇಳುವುದಿಲ್ಲ. ಕಂಪೆನಿಯ ಲಾಭವೂ ಗಿರಣಿಯ ಕ್ಷೇಮವೂ ಇಲ್ಲಿ ಬಹುದೂರ ಜೊತೆಯಾಗಿಯೇ ಸಾಗಿದುವು. ಬಾಯ್ಲರು ಸಿಡಿದರೆ ವಿಮೆಯ ಹಣ ತೆರಬೇಕಾದವರೂ ಅವರೇ ತಾನೆ!

ಹಾಗಾದರೆ ಈ ಓದುಗನು ಒಲಿಸುವ ಮಾತಿಗೆ ನಿಜವಾಗಿಯೂ ಅತೀತನೆ? 1958ರಲ್ಲಿ ಪ್ರಕಟವಾದ ಒಂದು ಜಾಹೀರಾತು ಈ ನಂಬಿಕೆಯನ್ನು ಅಲುಗಿಸುತ್ತದೆ. ಉದ್ಯಮಪತ್ರಿಕೆಗಳ ಪ್ರಕಾಶಕರಾದ ಮೆಗ್ರಾ-ಹಿಲ್ ಸಂಸ್ಥೆಯವರು ಅದನ್ನು ಹೊರಡಿಸಿದರು. ಕುರ್ಚಿಯಲ್ಲಿ ಕುಳಿತ ಗಂಭೀರವದನದ ಗೃಹಸ್ಥನೊಬ್ಬನು ನಮ್ಮನ್ನೇ ದಿಟ್ಟಿಸುತ್ತಾನೆ. ಬಂದವನು ಯಾರೆಂದು ತನಗೆ ತಿಳಿಯದು, ಅವನ ಕಂಪೆನಿ ತಿಳಿಯದು, ಅದರ ಸರಕು ತಿಳಿಯದು ಎಂದು ಒಂದೊಂದಾಗಿ ಹೇಳಿ, ಇನ್ನು ತನಗೆ ಮಾರಬಂದುದೇನೆಂದು ಕೊನೆಗೆ ಕೇಳುತ್ತಾನೆ. ಮಾರಾಟಗಾರನು ಬಾಗಿಲು ತಟ್ಟುವ ಮೊದಲೇ ಪತ್ರಿಕೆಯ ಜಾಹೀರಾತು ದಾರಿ ಮಾಡಿಕೊಡಬೇಕೆಂಬುದು ತಾತ್ಪರ್ಯ. ಕೊಳ್ಳುವವನು ಯಾವುದಕ್ಕೂ ಕರಗದ ಕಲ್ಲೆಂದು ಈ ಚಿತ್ರ ಸಾರುತ್ತದೆ. ಆದರೆ ಚಿತ್ರವನ್ನು ನೋಡಿ ಪತ್ರಿಕೆಯಲ್ಲಿ ಸ್ಥಳ ಕೊಳ್ಳಬೇಕಾದವನೂ ಒಬ್ಬ ವೃತ್ತಿಪರನೇ! ಅವನ ಮುಂದೆ ಅಂಕಿಯಿಲ್ಲ, ಪಟ್ಟಿಯಿಲ್ಲ. ಒಂದು ಮುಖ, ಒಂದೇ ಲಯದಲ್ಲಿ ಮರುಕಳಿಸುವ ವಾಕ್ಯಗಳು, ಒಂದಿಷ್ಟು ಭಯ. ರಸದಿಂದ ಗೆಲ್ಲಲಾಗದ ಓದುಗನ ಕಥೆಯನ್ನು ರಸದಿಂದಲೇ ಮಾರಲಾಯಿತು. ಕಾಂತಾಸಮ್ಮಿತಕ್ಕೆ ತಾನು ಸಿಲುಕುವವನಲ್ಲವೆಂಬ ಹೆಮ್ಮೆಯೇ ವೃತ್ತಿಪರನ ದೌರ್ಬಲ್ಯವೆಂದರೆ ತಪ್ಪಾಗದು.

ಮಿತ್ರವಾಣಿಗೂ ಒಂದು ಮೇರೆಯುಂಟು. 1905ರ ಮಾರ್ಚ್ 20ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಬ್ರಾಕ್ಟನ್ ನಗರದಲ್ಲಿ ಪಾದರಕ್ಷೆಯ ಕಾರ್ಖಾನೆಯೊಂದರ ಬಾಯ್ಲರು ಸಿಡಿದು 58 ಜನರು ಸತ್ತರು. 1907ರಲ್ಲಿ ಆ ಸಂಸ್ಥಾನವು ಬಾಯ್ಲರುಗಳಿಗೆ ಕಾನೂನನ್ನು ವಿಧಿಸಿತು. 1915ರಲ್ಲಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ನಿಯಮಾವಳಿ ಪ್ರಕಟವಾಯಿತು. ಗೆಳೆಯನ ಮಾತನ್ನು ಕೇಳುವುದೂ ಬಿಡುವುದೂ ಕೇಳುವವನ ಇಚ್ಛೆ. ಆದರೆ ಪತ್ರಿಕೆಯನ್ನು ಓದುವವನು ಒಡೆಯ. ಬಾಯ್ಲರಿನ ಪಕ್ಕದಲ್ಲಿ ನಿಂತು ಕಲ್ಲಿದ್ದಲು ಹಾಕುವವನು ಬೇರೊಬ್ಬ. ಓದಿದವನ ಅಸಡ್ಡೆಗೆ ಓದದವನು ಪ್ರಾಣ ತೆರಬೇಕಾದ ಕಡೆ ಪ್ರಭುಸಮ್ಮಿತ ವಾಕ್ಯವು ಬಾರದೆ ವಿಧಿಯಿಲ್ಲ.

ಇಂದು ಈ ಗದ್ಯವು ಶ್ವೇತಪತ್ರವೆಂಬ ಹೆಸರಿನಲ್ಲಿ, ಸಮೀಕ್ಷೆಯ ವೇಷದಲ್ಲಿ, ಕಚೇರಿಯ ಗಣಕಯಂತ್ರಗಳ ತೆರೆಯ ಮೇಲೆ ಬರುತ್ತಿದೆ. ವೇಷ ಬೇರೆ, ಧ್ವನಿ ಅದೇ. ನಮ್ಮ ಕಾಲೇಜುಗಳಿಂದ ಹೊರಬೀಳುವ ವಿದ್ಯಾರ್ಥಿಗಳಲ್ಲಿ ಕವಿತೆಯನ್ನು ಓದುವವರಿಗಿಂತ ಇದನ್ನು ಓದಬೇಕಾದವರೇ ಹೆಚ್ಚು. ಅಂಕಿಯನ್ನು ಕಂಡಾಗ ಅದರ ವಾಚ್ಯವೇನು, ವ್ಯಂಗ್ಯವೇನು, ಎಣಿಸಿದವರು ಯಾರು, ಎಣಿಸದೆ ಬಿಟ್ಟದ್ದೇನು, ತಪ್ಪಾದರೆ ತೆರುವವರು ಯಾರು ಎಂದು ಕೇಳುವ ಅಭ್ಯಾಸವನ್ನು ಅವರಿಗೆ ಕಲಿಸಬೇಕಾಗಿದೆ. ಧ್ವನಿಯನ್ನು ಬೋಧಿಸುವ ಅಧ್ಯಾಪಕರಿಗೆ ಇದು ಹೊರಗಿನ ಕೆಲಸವಲ್ಲವೆಂದೇ ನಮ್ಮ ಅಭಿಪ್ರಾಯ.