ಮೂರನೆಯವರ ವ್ಯಾಖ್ಯಾನ

ಕಾವ್ಯಕ್ಕೆ ವ್ಯಾಖ್ಯಾನ ಬರೆಯುವವರನ್ನು ಕುರಿತು ನಮ್ಮಲ್ಲಿ ಒಂದು ಹಳೆಯ ದೂರುಂಟು. ಸುಲಭವಾದ ಕಡೆ ಅವರು ಪುಟಗಟ್ಟಲೆ ಬರೆಯುತ್ತಾರೆ. ಕಠಿನವಾದ ಕಡೆ ‘ಅರ್ಥ ಸ್ಪಷ್ಟವಾಗಿದೆ’ ಎಂದು ಹೇಳಿ ಮುಂದೆ ಸಾಗುತ್ತಾರೆ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನಾನೂ ಈ ದೂರಿಗೆ ಹೊರತಾದವನಲ್ಲ. ಆದರೆ ಇಂದು ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಕಾವ್ಯದ ವ್ಯಾಖ್ಯಾನವನ್ನಲ್ಲ. ನನ್ನ ಎಡಗೈಯ ಮಣಿಕಟ್ಟಿನ ಮೇಲೆ ಕುಳಿತು ಐದು ತಿಂಗಳಿಂದ ನನ್ನ ನಡಿಗೆಗೆ ವ್ಯಾಖ್ಯಾನ ಬರೆಯುತ್ತಿರುವ ಒಂದು ಆಪನ್ನು. ಸಾಹಿತ್ಯದ ಪುಟಕ್ಕೆ ಇದು ತಕ್ಕ ವಸ್ತುವೆ ಎಂದು ವಾಚಕರು ಹುಬ್ಬೇರಿಸಬಹುದು. ಬೆಳಗೆದ್ದು ಕವಿತೆ ಓದುವವರಿಗಿಂತ ತಮ್ಮ ಹೆಜ್ಜೆಯ ಲೆಕ್ಕ ಓದುವವರ ಸಂಖ್ಯೆ ಈಗ ದೊಡ್ಡದು. ಜನ ಇಷ್ಟು ನಂಬಿ ಓದುವ ಬರಹವನ್ನು ಹೇಗೆ ಓದಬೇಕೆಂದು ವಿಚಾರಿಸುವುದು ವಿಮರ್ಶಕನ ಕೆಲಸವೇ ಎಂದು ನಾನು ತಿಳಿದಿದ್ದೇನೆ.

ಸಂಗತಿ ಆರಂಭವಾದುದು ರಕ್ತಪರೀಕ್ಷೆಯಿಂದ. ಸಕ್ಕರೆಯ ಮೂರು ತಿಂಗಳ ಸರಾಸರಿ 6.2 ಬಂದಿತ್ತು. ಗಡಿ ದಾಟಿಲ್ಲ, ಗಡಿಯಲ್ಲಿ ನಿಂತಿದ್ದೀರಿ, ದಿನಕ್ಕೆ ನಲವತ್ತು ನಿಮಿಷ ಬಿರುಸಾಗಿ ನಡೆಯಿರಿ ಎಂದರು ವೈದ್ಯರು. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಇದನ್ನು ಕೇಳಿ ಒಂದು ಸ್ಮಾರ್ಟ್ ವಾಚ್ ತಂದು ನನ್ನ ಕೈಗೆ ಕಟ್ಟಿದ. ‘ಮಾಮ, ಗಡಿಯಾರದ ಜೊತೆ ಬಂದಿರೋ ಆಪ್ ಸಾಲ್ದು. ಇನ್ನೊಂದು ಹಾಕ್ಕೊಡ್ತೀನಿ, ಅದು ಎಲ್ಲಾನೂ ವಿವರವಾಗಿ ಹೇಳತ್ತೆ’ ಎಂದ. ‘ಅದು ಗಡಿಯಾರದವರದ್ದೇ ಅಲ್ವೇನೋ?’ ಎಂದೆ. ‘ಅಲ್ಲ ಮಾಮ, ಥರ್ಡ್ ಪಾರ್ಟಿದು’ ಎಂದ. ನನಗೆ ಗೊತ್ತಿದ್ದ ಥರ್ಡ್ ಪಾರ್ಟಿ ಎಂದರೆ ಸ್ಕೂಟರಿನ ವಿಮೆಯೊಂದೇ. ಗಡಿಯಾರ ಮಾಡಿದವರು ಮೊದಲನೆಯವರು, ಕಟ್ಟಿಕೊಂಡ ನಾನು ಎರಡನೆಯವನು, ನಮ್ಮಿಬ್ಬರ ನಡುವೆ ಬಂದು ನನ್ನ ನಡಿಗೆಯ ಅರ್ಥ ಹೇಳುವವರು ಮೂರನೆಯವರು ಎಂದು ನಿಧಾನವಾಗಿ ತಿಳಿಯಿತು.

ಈ ಏರ್ಪಾಡು ಸ್ವಾರಸ್ಯವಾದುದು. ಗಡಿಯಾರದ ತಳದಲ್ಲಿ ಹಸುರು ದೀಪವೊಂದು ಕಣ್ಣಿಗೆ ನಿಲುಕದ ವೇಗದಲ್ಲಿ ಮಿನುಗುತ್ತಿರುತ್ತದೆ. ರಕ್ತ ಹಸುರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಮಿಡಿದಾಗ ಮಣಿಕಟ್ಟಿಗೆ ಬರುವ ರಕ್ತ ಹೆಚ್ಚುತ್ತದೆ, ಹಿಂದಿರುಗುವ ಬೆಳಕು ಕಡಮೆಯಾಗುತ್ತದೆ. ಈ ಏರಿಳಿತವೇ ನಾಡಿಯ ಲೆಕ್ಕ. ತೋಳಿನ ಬೀಸಿನಿಂದ ಹೆಜ್ಜೆ, ಉಪಗ್ರಹಗಳ ಸಂಕೇತದಿಂದ ದಾರಿ. ಇಷ್ಟು ಮೂಲಪಾಠ. ಆಪಲ್ ಕಂಪನಿ 2014ರಲ್ಲಿ ಹೆಲ್ತ್‌ಕಿಟ್ ಎಂಬ ವ್ಯವಸ್ಥೆಯನ್ನು ತಂದು, ಇಂಥ ಅಂಕಿಗಳನ್ನೆಲ್ಲ ಒಂದು ಉಗ್ರಾಣದಲ್ಲಿಟ್ಟು, ಧರಿಸಿದವನ ಒಪ್ಪಿಗೆ ಪಡೆದ ಹೊರಗಿನವರೂ ಅದನ್ನು ಓದುವಂತೆ ಮಾಡಿತು. 2016ರಿಂದ ಹೊರಗಿನವರ ಆಪ್‌ಗಳೂ ವ್ಯಾಯಾಮದ ಉದ್ದಕ್ಕೂ ಅದರ ಗಡಿಯಾರದಲ್ಲಿ ಹಿನ್ನೆಲೆಯಲ್ಲಿ ಎಚ್ಚರವಾಗಿರುವುದು ಸಾಧ್ಯವಾಯಿತು. ನನ್ನ ಗಡಿಯಾರ ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಉಳಿದ ಕಡೆಯೂ ಏರ್ಪಾಡು ಹೆಚ್ಚು ಕಡಮೆ ಹೀಗೆಯೇ. ಪಾಠ ಒಬ್ಬರದು, ವ್ಯಾಖ್ಯಾನ ಮತ್ತೊಬ್ಬರದು. ಹಾಗಿದ್ದ ಮೇಲೆ ವ್ಯಾಖ್ಯಾನಕಾರನಿಗೆ ಹಾಕುವ ಅಳತೆಗೋಲನ್ನೇ ಈ ಆಪಿಗೂ ಹಾಕುವುದು ನ್ಯಾಯ.

ಮೊದಲು ಗುಣವನ್ನು ಹೇಳಬೇಕು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾನು ಹತ್ತು ವರ್ಷದಿಂದ ನಡೆಯುತ್ತಿದ್ದವನು. ಬಿರುಸಾಗಿಯೇ ನಡೆಯುತ್ತೇನೆಂದು ನನ್ನ ನಂಬಿಕೆಯಾಗಿತ್ತು. ಆಪ್ ಮೊದಲನೆಯ ದಿನವೇ ಆ ನಂಬಿಕೆಯನ್ನು ಮುರಿಯಿತು: ಕಿಲೋಮೀಟರಿಗೆ 13 ನಿಮಿಷ 40 ಸೆಕೆಂಡು. ಗಡಿಯಾರದ ಜೊತೆಗೆ ಬಂದ ಆಪ್ ಕೊನೆಯಲ್ಲಿ ಒಟ್ಟು ಲೆಕ್ಕವನ್ನು ಮುಂದಿಡುತ್ತಿತ್ತು. ಇದು ಒಂದೊಂದು ಕಿಲೋಮೀಟರನ್ನೂ ಬಿಡಿಸಿ, ಆರಂಭದಲ್ಲಿ ಉತ್ಸಾಹ, ಮೂರನೆಯದರಲ್ಲಿ ಆಲಸ್ಯ, ಮನೆ ಹತ್ತಿರವಾದಂತೆ ಮತ್ತೆ ಚುರುಕು ಎಂಬ ನನ್ನ ಸ್ವಭಾವವನ್ನು ಎದುರಿಗೆ ಹಿಡಿಯಿತು. ಪರದೆಯ ಮೇಲೆ ಯಾವ ಅಂಕಿ ದೊಡ್ಡದಾಗಿರಬೇಕು, ಯಾವುದು ಬೇಡ ಎಂಬುದನ್ನೂ ನನ್ನ ಆಯ್ಕೆಗೆ ಬಿಟ್ಟಿತು. ಎರಡು ತಿಂಗಳಲ್ಲಿ ನನ್ನ ವೇಗ 11 ನಿಮಿಷ 20 ಸೆಕೆಂಡಿಗೆ ಬಂದಿತು. ಮುಂದಿನ ಪರೀಕ್ಷೆಯಲ್ಲಿ 6.2 ಇದ್ದುದು 5.9ಕ್ಕೆ ಇಳಿಯಿತು. ಓದುಗನ ಭ್ರಮೆಯನ್ನು ಕಳೆಯುವುದು ವ್ಯಾಖ್ಯಾನದ ಮೊದಲ ಕೆಲಸವಾದರೆ ಇದು ಆ ಕೆಲಸವನ್ನು ಮಾಡಿದೆ ಎಂಬುದರಲ್ಲಿ ಸಂದೇಹವಿಲ್ಲ.

ಇನ್ನು ದೋಷ. ಕಾಳಿದಾಸನ ವ್ಯಾಖ್ಯಾನಕಾರ ಮಲ್ಲಿನಾಥ ಆಧಾರವಿಲ್ಲದುದನ್ನು ಬರೆಯುವುದಿಲ್ಲವೆಂದು ಪ್ರತಿಜ್ಞೆಮಾಡಿ ಕೆಲಸಕ್ಕೆ ಕೈ ಹಾಕಿದವನು. ನನ್ನ ವ್ಯಾಖ್ಯಾನಕಾರನಿಗೆ ಅಂಥ ಸಂಕೋಚವಿಲ್ಲ. ದಿನವೂ ನಡಿಗೆ ಮುಗಿದೊಡನೆ ‘214 ಕ್ಯಾಲೊರಿ’ ಎಂದು ಬಿಡಿ ಸಂಖ್ಯೆಯವರೆಗೂ ಹೇಳುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಮಣಿಕಟ್ಟಿಗೆ ಕಟ್ಟುವ ಏಳು ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ನಾಡಿಯ ಲೆಕ್ಕದಲ್ಲಿ ಏಳರಲ್ಲಿ ಆರು ಶೇಕಡಾ 5ರೊಳಗಿನ ತಪ್ಪಿನಲ್ಲಿ ನಿಂತವು. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು. ಎಲ್ಲಕ್ಕಿಂತ ಕೆಟ್ಟದು ಶೇಕಡಾ 93ರಷ್ಟು. ಒಂದು ಅಳೆದದ್ದು, ಇನ್ನೊಂದು ಊಹಿಸಿದ್ದು. ಆದರೆ ನನ್ನ ಪರದೆಯ ಮೇಲೆ ಎರಡಕ್ಕೂ ಒಂದೇ ಗಾತ್ರದ ಅಕ್ಷರ, ಒಂದೇ ಬಣ್ಣ, ಒಂದೇ ಧೈರ್ಯ. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ತೋರಿಸದೆ ತನ್ನ ಊಹೆಯನ್ನೇ ಮೂಲವೆಂದು ಅಚ್ಚು ಹಾಕಿಸುವ ಸಂಪಾದಕನನ್ನು ನಾವು ಕ್ಷಮಿಸುತ್ತೇವೆಯೆ?

ಅದರ ಪ್ರಮಾಣಗ್ರಂಥಗಳೂ ಹೀಗೆಯೇ. ದಿನಕ್ಕೆ 10,000 ಹೆಜ್ಜೆ ಎಂಬ ವಿಧಿಯನ್ನು ನಾನು ವೈದ್ಯಶಾಸ್ತ್ರದ ಮಾತೆಂದೇ ತಿಳಿದಿದ್ದೆ. ಅದು ಪ್ರಚಾರಕ್ಕೆ ಬಂದುದು 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಮಾರಿದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ: ‘ಮಾನ್‌ಪೋ-ಕೆಯ್’, ಹತ್ತು ಸಾವಿರ ಹೆಜ್ಜೆಯ ಮಾಪಕ. ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು 16,741 ಮಂದಿ ವಯಸ್ಸಾದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ತೀರ ಕಡಮೆ ನಡೆಯುವವರಿಗಿಂತ ಇಳಿದಿತ್ತು. 7,500ರ ಸುಮಾರಿನಿಂದ ಮುಂದೆ ಹೆಚ್ಚಿನ ಲಾಭ ಕಾಣಲಿಲ್ಲ. ಹೃದಯದ ಗರಿಷ್ಠ ಬಡಿತ 220ರಲ್ಲಿ ವಯಸ್ಸನ್ನು ಕಳೆದಷ್ಟು ಎಂಬ ಸೂತ್ರವೂ ಸರಾಸರಿಯ ಮಾತು. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತ ಹೆಚ್ಚು ಕಡಮೆಯಾಗುವುದುಂಟು. ಆದರೂ ನನಗೆ 46 ಎಂದು ತಿಳಿದುಕೊಂಡೊಡನೆ ಆಪ್ 174 ಎಂದು ಗೆರೆ ಎಳೆದು, ಅದರ ಕೆಳಗೆ ಐದು ಬಣ್ಣದ ವಲಯಗಳನ್ನು ಹಾಸಿತು. ಅವುಗಳಲ್ಲೊಂದರ ಹೆಸರು ‘ಕೊಬ್ಬು ಕರಗುವ ವಲಯ’. ಇದರ ಮಾತು ಮುಂದೆ ಬರುತ್ತದೆ.

ಒಂದು ದಿನ ನಕ್ಷೆಯನ್ನು ನೋಡುತ್ತೇನೆ, ನಾನು ಕೆರೆಯ ನೀರಿನ ಮೇಲೆ ನಡೆದುಹೋಗಿದ್ದೇನೆ! ಏರಿಯ ಮರಗಳ ಕೆಳಗೆ ಉಪಗ್ರಹದ ಸಂಕೇತ ಮುಸುಕಾಗುವುದು ಸಹಜ. ಆಗ ದಾರಿಯ ಗೆರೆ ಅತ್ತಿತ್ತ ಜಿಗಿಯುತ್ತದೆ. ಪವಾಡಗಳನ್ನು ಬರೆದಿಟ್ಟ ಪುರಾಣಕಾರನೂ ಅದನ್ನು ಪವಾಡವೆಂದೇ ಕರೆದ. ಈ ಆಪ್ ಆ ಸೋಜಿಗವನ್ನು ಸೋಜಿಗವೆನ್ನದೆ ಸುಮ್ಮನೆ ದೂರಕ್ಕೆ ಕೂಡಿಸಿಕೊಂಡು, ಅಂದಿನ ನಡಿಗೆಯನ್ನು ನನ್ನ ಈವರೆಗಿನ ಉತ್ತಮ ಸಾಧನೆಯೆಂದು ಸಾರಿತು. ಅದರ ಪ್ರಶಂಸೆಯ ಭಾಷೆಯೂ ವಿಚಾರಿಸತಕ್ಕದ್ದೇ. ಮಳೆಯಲ್ಲಿ ನೆನೆದು ನಡೆದ ದಿನವೂ, ತರಕಾರಿ ತರಲು ಹೋದ ದಿನವೂ ಅದೇ ‘ಅದ್ಭುತ’, ಅದೇ ಹೊನ್ನಿನ ಬಿಲ್ಲೆ. ನಮ್ಮ ಪುಸ್ತಕ ವಿಮರ್ಶೆಗಳಲ್ಲಿ ಎಲ್ಲ ಕವನಸಂಕಲನಗಳೂ ‘ಗಮನಾರ್ಹ’ವಾಗುವುದನ್ನು ಕಂಡವರಿಗೆ ಈ ರೋಗದ ಪರಿಚಯ ಇದ್ದೇ ಇರುತ್ತದೆ.

ಮೂರನೆಯವರೆಂಬ ಕಾರಣದಿಂದಲೇ ಬರುವ ತೊಡಕೊಂದನ್ನೂ ಹೇಳಬೇಕು. ನಮ್ಮ ದಿನಚರಿ ಅನ್ಯರ ಮನೆಯಲ್ಲಿರುತ್ತದೆ. ಸ್ಟ್ರಾವ ಎಂಬ ಇಂಥದೊಂದು ಕಂಪನಿ 2017ರ ನವೆಂಬರಿನಲ್ಲಿ ತನ್ನ ಬಳಕೆದಾರರ ಓಟದ ಜಾಡುಗಳನ್ನೆಲ್ಲ ಸೇರಿಸಿ ಭೂಪಟವನ್ನು ಪ್ರಕಟಿಸಿತು. ಮರುಭೂಮಿಯ ಕತ್ತಲಲ್ಲಿ ಹೊಳೆದ ಕೆಲವು ಗೆರೆಗಳು ಸೈನಿಕ ನೆಲೆಗಳಲ್ಲಿ ಓಡುತ್ತಿದ್ದವರ ಜಾಡೆಂದು 2018ರ ಜನವರಿಯಲ್ಲಿ ಲೋಕಕ್ಕೆ ಗೊತ್ತಾಯಿತು. ಕೆರೆಯ ಏರಿಯಲ್ಲಿ ನಡೆಯುವ ಮೇಷ್ಟರಿಗೆ ಅಂಥ ಭಯವಿಲ್ಲ. ಆದರೆ ಅನುಮತಿ ಕೊಡುವಾಗ ನಾವು ಯಾರೂ ಓದುವುದಿಲ್ಲವೆಂಬುದು ಓದಿನ ಪಾಠ ಹೇಳುವವನಾದ ನನಗೆ ನಾಚಿಕೆಯ ಸಂಗತಿ.

ಈ ದೋಷಗಳೆಲ್ಲ ಅದರವು. ಇನ್ನೊಂದು ದೋಷ ನನ್ನದು. ಒಂದು ಬೆಳಗ್ಗೆ, ಆಪ್ ಓಡುತ್ತಿರುವಾಗಲೇ, ಕೈತಪ್ಪಿ ಗಡಿಯಾರದವರದೇ ಆದ ಆಪನ್ನೂ ಒತ್ತಿಬಿಟ್ಟೆ. ಒಂದು ಒರೆಯಲ್ಲಿ ಎರಡು ಕತ್ತಿ ನಿಲ್ಲವು. ನನ್ನ ಗಡಿಯಾರ ಒಂದು ಹೊತ್ತಿಗೆ ಒಂದೇ ದಾಖಲೆಯನ್ನು ನಡೆಸಬಲ್ಲದು. ಮೊದಲನೆಯದು ಅಲ್ಲಿಗೇ ನಿಂತಿತು. ಗಾಬರಿಯಲ್ಲಿ ಎರಡನೆಯದನ್ನೂ ಅಳಿಸಿದೆ. ನಡೆದದ್ದು ಕಾಲಿಗೆ ಗೊತ್ತಿತ್ತು, ಅಂಗಿಗೆ ಗೊತ್ತಿತ್ತು. ಆದರೂ ಅಂದು ನಡೆದೇ ಇಲ್ಲವೆಂಬ ಕೊರಗು ಹತ್ತಿ, ಸಂಜೆ ಮತ್ತೆ ಹೋಗಿ ಅಷ್ಟೇ ದೂರ ನಡೆದು ಬಂದೆ. ವ್ಯಾಖ್ಯಾನವಿಲ್ಲದೆ ಮೂಲ ಇಲ್ಲವೆಂದು ತಿಳಿಯುವ ಗೈಡು ಓದುವ ಹುಡುಗನಿಗೂ ನನಗೂ ಅಂದು ಏನು ವ್ಯತ್ಯಾಸವಿತ್ತು?

ಏರಿಯ ಮೇಲೆ ಒಂದು ಕಲ್ಲುಬೆಂಚಿದೆ. ಅಲ್ಲಿ ನಿವೃತ್ತ ಹೈಸ್ಕೂಲು ಮೇಷ್ಟರೊಬ್ಬರೂ ಅಂಚೆ ಇಲಾಖೆಯಿಂದ ನಿವೃತ್ತರಾದವರೊಬ್ಬರೂ ಕುಳಿತಿರುತ್ತಿದ್ದರು. ಹತ್ತು ವರ್ಷಗಳಿಂದ ಅಲ್ಲಿ ಹತ್ತು ನಿಮಿಷ ನಿಂತು ಮಾತಾಡುವುದು ನನ್ನ ವಾಡಿಕೆ. ಅಂಚೆಯವರಿಗೆ ಹಳಗನ್ನಡದಲ್ಲಿ ಆಸೆ. ಸಂಶಯ ಬಂದ ಪದಗಳನ್ನು ಚೀಟಿಯಲ್ಲಿ ಬರೆದು ತರುತ್ತಿದ್ದರು. ಆಪ್ ಬಂದ ಮೇಲೆ ನಾನು ನಿಲ್ಲುವುದನ್ನು ಬಿಟ್ಟೆ. ನಿಂತರೆ ಸರಾಸರಿ ಕೆಡುತ್ತಿತ್ತು. ಕೈ ಎತ್ತಿ ನಮಸ್ಕರಿಸಿ ಸಾಗುತ್ತಿದ್ದೆ. ಬೆಂಚಿನಲ್ಲಿ ಒಬ್ಬರೇ ಇದ್ದುದನ್ನು ಕೆಲವು ದಿನ ಕಂಡೂ ಕಾಣದಂತೆ ಹೋದೆ. ಒಂದು ಬೆಳಗ್ಗೆ ಮೇಷ್ಟರು ಎದ್ದು ಬಂದು ದಾರಿಗೆ ಅಡ್ಡ ನಿಂತರು. ‘ಏನ್ ಮೇಷ್ಟ್ರೇ, ಒಂದ್ ನಿಮಿಷ ನಿಂತ್ಕೊಳ್ಳೀಪ್ಪಾ. ಎಂಟ್ ದಿನದಿಂದ ಹೇಳ್ಬೇಕು ಅಂತಿದ್ದೆ, ನೀವು ನಿಲ್ಲಲೇ ಇಲ್ಲ. ನಮ್ಮ ಅಂಚೆಯೋರು ಹೋಗ್ಬಿಟ್ರು’ ಎಂದರು. ಮತ್ತೆ ಜೇಬಿನಿಂದ ಒಂದು ಚೀಟಿ ತೆಗೆದುಕೊಟ್ಟರು. ಅದರಲ್ಲಿ ನಾಲ್ಕು ಪದಗಳಿದ್ದವು. ನನ್ನನ್ನು ಕೇಳಬೇಕೆಂದು ಅವರು ಬರೆದಿಟ್ಟುಕೊಂಡಿದ್ದವು.

ಮನೆಗೆ ಬಂದು, ಅಭ್ಯಾಸಬಲದಿಂದ, ಅಂದಿನ ದಾಖಲೆಯನ್ನು ತೆರೆದೆ. ನಡೆಯುವಾಗ 108ರಷ್ಟಿದ್ದ ನಾಡಿ ನಿಂತ ಮೇಲೆ ಇಳಿಯತೊಡಗಿ, 96ರಿಂದ ಒಮ್ಮೆಗೇ ಮೇಲೆದ್ದು 117ಕ್ಕೆ ಹೋಗಿ, ಅಲ್ಲೇ ಕೆಲವು ನಿಮಿಷ ನಿಂತಿತ್ತು. ಗೆರೆಯಲ್ಲಿ ಒಂದು ಬಡಿತವೂ ತಪ್ಪಿರಲಿಲ್ಲ. ಮೂಲಪಾಠ ಶುದ್ಧವಾಗಿತ್ತು. ಅದರ ಕೆಳಗೆ ವ್ಯಾಖ್ಯಾನ: ‘ಕೊಬ್ಬು ಕರಗುವ ವಲಯ, 4 ನಿಮಿಷ.’

ನಮ್ಮ ಆಲಂಕಾರಿಕರು ವಾಚ್ಯಾರ್ಥಕ್ಕೂ ಧ್ವನಿಗೂ ಭೇದವನ್ನು ಮಾಡಿದುದು ಏಕೆಂದು ಎಷ್ಟೋ ತರಗತಿಗಳಿಗೆ ವಿವರಿಸಿದ್ದೇನೆ. ಅಂದು ನನಗೇ ತಿಳಿದಂತಾಯಿತು. 117 ಎಂಬುದು ವಾಚ್ಯ. ಅದು ಏರು ಹತ್ತಿದ್ದಕ್ಕೂ ಬರಬಹುದು, ಸಾವಿನ ಸುದ್ದಿಗೂ ಬರಬಹುದು, ಸ್ವಂತ ತಪ್ಪಿನ ಅರಿವಿಗೂ ಬರಬಹುದು. ಯಂತ್ರಕ್ಕೆ ಇದು ಗೊತ್ತಾಗಲಿಲ್ಲವೆಂದು ನಾನು ಯಂತ್ರವನ್ನು ದೂರುವುದಿಲ್ಲ. ಗೊತ್ತಾಗುವ ಬಗೆಯೂ ಇರಲಿಲ್ಲ. ನನ್ನ ಆಕ್ಷೇಪಣೆ ಒಂದೇ. ‘ನಾಡಿ ಏರಿತು, ಕಾಲು ನಿಂತಿತ್ತು, ಕಾರಣ ತಿಳಿಯದು’ ಎಂದು ಬರೆಯುವಷ್ಟು ಸಾಮಗ್ರಿ ಅದರ ಬಳಿ ಇತ್ತು. ಹಾಗೆ ಬರೆದಿದ್ದರೆ ಅದು ಉತ್ತಮ ವ್ಯಾಖ್ಯಾನವಾಗುತ್ತಿತ್ತು. ತಿಳಿಯದ ಕಡೆ ತಿಳಿಯದೆಂದು ಹೇಳುವುದು ವ್ಯಾಖ್ಯಾನಕಾರನಿಗೆ ಅವಮಾನವಲ್ಲ. ಅದರಿಂದಲೇ ಅವನ ಉಳಿದ ಮಾತುಗಳಿಗೆ ಬೆಲೆ ಬರುತ್ತದೆ.

ಇಷ್ಟು ಬರೆದು, ಮೇಜಿನ ಮೇಲಿದ್ದ ಉತ್ತರ ಪತ್ರಿಕೆಗಳ ಕಟ್ಟನ್ನು ನೋಡಿದೆ. ಹುಡುಗಿಯೊಬ್ಬಳು ಪ್ರಶ್ನೆಗೆ ಸಂಬಂಧವಿಲ್ಲದೆ ತನ್ನ ಅಜ್ಜಿಯ ವಿಷಯ ಒಂದೂವರೆ ಪುಟ ಬರೆದಿದ್ದಳು. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ ಹತ್ತಕ್ಕೆ ಮೂರು ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದೆ. ಅಂಕ ತಪ್ಪಲ್ಲ; ಪ್ರಶ್ನೆಗೆ ಉತ್ತರ ಅಲ್ಲಿರಲಿಲ್ಲ. ಆದರೆ ಅದರ ಪಕ್ಕದಲ್ಲಿ ಒಂದು ಮಾತು ಬರೆಯಲು ಸ್ಥಳವಿತ್ತು, ನಾನು ಬರೆದಿರಲಿಲ್ಲ. ಅಂದು ಬರೆದೆ.

ಆಪನ್ನು ನಾನು ತೆಗೆದುಹಾಕಿಲ್ಲ. ಸಕ್ಕರೆ ಇಳಿದಿರುವುದು ಸುಳ್ಳಲ್ಲ; ಮುಂದಿನ ವರ್ಷದ ಚಂದಾ ಕಟ್ಟುವವನೂ ಹೌದು. ಪ್ರತಿ ದಾಖಲೆಯ ಕೆಳಗೆ ಟಿಪ್ಪಣಿಗೆಂದು ಒಂದು ಖಾಲಿ ಜಾಗವನ್ನು ಅದು ಕೊಟ್ಟಿದೆ. ನಾಲ್ಕು ತಿಂಗಳು ಅದನ್ನು ನಾನು ತೆರೆದೇ ಇರಲಿಲ್ಲ. ಈಗ ದಿನಕ್ಕೊಂದು ಸಾಲು ಬರೆಯುತ್ತೇನೆ. ಕನ್ನಡ ಅಕ್ಷರವನ್ನು ಅದು ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಆ ದಿನದ ದಾಖಲೆಗೂ ಹಿಂದಿರುಗಿ, ಕೊಬ್ಬು ಕರಗಿದ ನಾಲ್ಕು ನಿಮಿಷದ ಕೆಳಗೆ ನಡೆದುದನ್ನು ಬರೆದಿದ್ದೇನೆ. ಬೆಂಚಿನ ಬಳಿ ಮತ್ತೆ ನಿಲ್ಲುತ್ತೇನೆ. ವೇಗದ ಗೆರೆ ಅಲ್ಲಿ ದಿನವೂ ತಗ್ಗಿಗೆ ಬೀಳುತ್ತದೆ. ಚೀಟಿಯ ನಾಲ್ಕು ಪದಗಳಲ್ಲಿ ಮೂರಕ್ಕೆ ಅರ್ಥವನ್ನು ಮೇಷ್ಟರಿಗೆ ಹೇಳಿದೆ. ನಾಲ್ಕನೆಯದು ನನಗೂ ತಿಳಿಯದು ಎಂದೆ.